ಊರೆಲ್ಲ ಸೇರಿ ಇಳಿಸಿದ ಬೀಪಿ

ಬೆಳಿಗ್ಗೆ ಆರೂವರೆಗೆ ವಿಂಕೊ ಬೇಕರಿಯ ಇವಾಂಕಾಳ ಹತ್ತಿರ, ಉಪ್ಪು ಹಾಕದ ಬ್ರೆಡ್ಡು ಇದೆಯೇ ಎಂದು ಕೇಳಿದ. ಕೇಳಬಾರದಿತ್ತು.

“ಉಪ್ಪಿಲ್ದೇ ಇರೋದಾ? ಯಾಕೋ, ಏನಾಯ್ತು?”

“ಏನಿಲ್ಲ. ಸುಮ್ನೆ.”

“ಐವತ್ತೆರಡು ವರ್ಷ ಉಪ್ಪು ತಿಂದು ಇವತ್ತು ಸುಮ್ನೆ ಬಿಡ್ತಾರಾ ಯಾರಾದ್ರೂ? ಬೀಪಿನಾ?”

ವಿಂಕೊ ಸುಳ್ಳು ಹೇಳಲು ಬಾಯಿ ತೆರೆದ. ಆದರೆ ಅವನ ಮುಖ ಎಂದೂ ಅವನ ಮಾತು ಕೇಳಿದ್ದಲ್ಲ. ಅದು ಒಲೆಯ ಮೇಲಿಟ್ಟ ತಾಮ್ರದ ಪಾತ್ರೆಯ ಹಾಗೆ ಕೆಂಪಗಾಯಿತು.

“ನಾಲ್ಕು ಗಂಟೆಗೆ ಡಾಕ್ಟರ್ ಹತ್ರ ಪರೀಕ್ಷೆ ಇದೆ. ಯಾರಿಗೂ ಹೇಳ್ಬೇಡ,” ಎಂದ.

ಏಳು ಗಂಟೆಗೆ ಲಿಪೋವೆತ್ಸ್‌ನ ಅರವತ್ತು ಮನೆಗಳಿಗೂ ವಿಷಯ ತಿಳಿದಿತ್ತು.

ತಿಳಿದದ್ದರಲ್ಲಿ ತಪ್ಪಿಲ್ಲ. ಮೂರು ವರ್ಷದ ಹಿಂದೆ ಊರಿನಲ್ಲಿ ಕಾರಿದ್ದ ಹದಿನೇಳು ಮನೆಯವರೂ, ಕಣಿವೆಯ ಗಾಳಿಗೂ ತಮ್ಮ ಎದೆಗೂ ಒಳ್ಳೆಯದೆಂದು, ತಂತಮ್ಮ ಕಾರುಗಳನ್ನು ಮಾರಿ ಎಲ್ಲರಿಗೂ ಸೇರಿ ಒಂದು ವಿದ್ಯುತ್ ವ್ಯಾನು ತಂದಿದ್ದರು. ಸಂತೆಗೆ, ಆಸ್ಪತ್ರೆಗೆ, ಹಲ್ಲು ಕೀಳಿಸಲಿಕ್ಕೆ, ಹೆಣದ ಮುಂದೆ ಹೂವಿಡಲಿಕ್ಕೆ ಎಲ್ಲರೂ ಅದರಲ್ಲೇ ಹೋಗಬೇಕು. ಓಡಿಸುವವನು ವಿಂಕೊ. ಮರದ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಮನೆಯಲ್ಲಿ ತಾಯಿ ಇದ್ದಳು, ಅಡುಗೆಮನೆಯಲ್ಲಿ ಎರಡು ಕುರ್ಚಿ ಇದ್ದವು. ಒಂದು ತಾಯಿಯದು, ಇನ್ನೊಂದು ಅವಳ ಬೆಕ್ಕಿನದು. ವ್ಯಾನಿನ ಚಾಲಕನ ಸೀಟು ಈ ಲೋಕದಲ್ಲಿ ವಿಂಕೊಗೆ ತನ್ನದೆಂದು ಇದ್ದ ಒಂದೇ ಆಸನ.

ಅದೇ ಈಗ ಕೈತಪ್ಪುವುದರಲ್ಲಿತ್ತು. ಅವನ ಲೈಸೆನ್ಸಿನ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಬೀಪಿಯ ಮೇಲಿನ ಅಂಕಿ ನೂರ ಐವತ್ತಕ್ಕಿಂತ ಕೆಳಗಿದ್ದರೆ ಮಾತ್ರ ಹೊಸದು. ಹಿಂದಿನ ಎರಡು ಸಲ ಅದು ನೂರ ಅರವತ್ತೆಂಟು, ನೂರ ಎಪ್ಪತ್ತೊಂದು ತೋರಿಸಿತ್ತು. ಇದು ಮೂರನೆಯ ಸಲ. ನಾಲ್ಕು ಗಂಟೆ ದಾಟಿದರೆ ಡಾಕ್ಟರು ಮೂರು ವಾರ ರಜೆಯ ಮೇಲೆ ಹೋಗುವವರಿದ್ದರು.

ಎಂಟು ಗಂಟೆಗೆ ಮಿಲೆನಾ ಟೀಚರ್ ಬಾಗಿಲು ತಟ್ಟಿದರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಊರಿನ ಸಹಕಾರ ಸಂಘವನ್ನು ಅವರು ಐದನೇ ತರಗತಿಯಂತೆ ನಡೆಸುತ್ತಿದ್ದರು. ಕೈಯಲ್ಲಿ ಸಂಘದ ಬೀಪಿ ಮಿಷನ್ನು.

“ತೋಳು ಕೊಡು.”

“ಟೀಚರ್, ಇನ್ನೂ ತಿಂಡಿನೂ ತಿಂದಿಲ್ಲ...”

“ತೋಳು!”

ನೂರ ಐವತ್ತೆಂಟು. ಟೀಚರ್ ಅದನ್ನು ಬೀದಿಗೆ ಕೇಳುವಂತೆ ಓದಿದರು. ಎದುರುಮನೆಯ ಕಿಟಕಿಯಿಂದ ಯಾರೋ “ಅಯ್ಯೋ ಪಾಪ” ಎಂದರು.

“ನೋಡು ವಿಂಕೊ, ಇದು ನಿನ್ನೊಬ್ಬನ ಬೀಪಿ ಅಲ್ಲ. ನಿನ್ನ ಮೈ, ನಮ್ಮ ಹೊಳೆ, ಊರಿನ ಮಣ್ಣು, ಎಲ್ಲಾ ಒಂದೇ ದಾರದಲ್ಲಿ ಪೋಣಿಸಿದ್ದು. ಒಂದು ಕಡೆ ಬಿಗಿದ್ರೆ ಇನ್ನೊಂದು ಕಡೆ ಹರಿಯುತ್ತೆ. ಇವತ್ತು ನಿನ್ನನ್ನ ಊರು ನೋಡ್ಕೊಳ್ಳುತ್ತೆ. ಒಂದು ಮಾತ್ರೆ ಇಲ್ದೆ, ಒಂದು ಕಾಸಿಲ್ದೆ.”

ಕಾಸಿಲ್ಲದ್ದೇ ತೊಂದರೆಯಾದದ್ದು. ಬೆಲೆಯಿದ್ದಿದ್ದರೆ ದುಬಾರಿಯಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಪ್ರೀತಿಯಿಂದ ಪುಕ್ಕಟೆ ಕೊಟ್ಟದ್ದನ್ನು ಬೇಡವೆನ್ನಲು ಲಿಪೋವೆತ್ಸ್‌ನಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಮೊದಲು ಇಪ್ಪತ್ತು ನಿಮಿಷ ಹೊಳೆಯಲ್ಲಿ ಬರಿಗಾಲು. ಹೊಳೆ ನೇರವಾಗಿ ಹಿಮದ ಬೆಟ್ಟದಿಂದ ಇಳಿದು ಬರುವಂಥದ್ದು. ಐದನೇ ನಿಮಿಷಕ್ಕೆ ವಿಂಕೊಗೆ ಕಾಲುಗಳು ತನ್ನವೋ ಪಕ್ಕದವರವೋ ತಿಳಿಯಲಿಲ್ಲ. ದಡದಲ್ಲಿ ಮಿಷನ್ನು ಕಟ್ಟಿದರು: ನೂರ ಅರವತ್ತನಾಲ್ಕು.

“ಏರಿತಲ್ಲ!” ಎಂದ ವಿಂಕೊ.

“ಇಳಿಯೋ ಮೊದಲು ಏರ್ಲೇಬೇಕು. ಹೆದರ್ಕೋಬೇಡ. ಹೆದರಿದ್ರೆ ಇನ್ನೂ ಏರುತ್ತೆ.”

ಆಮೇಲೆ ಇವಾಂಕಾ ಒಂದು ಜಗ್ಗು ತುರಿಕೆ ಸೊಪ್ಪಿನ ಕಷಾಯ ತಂದಳು. ಅದು ಮುಗಿಯುವ ಮುಂಚೆ ಪಕ್ಕದ ಮನೆಯಿಂದ ಇನ್ನೊಂದು ಜಗ್ಗು ಬಂತು. ಮೊದಲನೆಯದನ್ನು ಕುಡಿದು ಎರಡನೆಯದನ್ನು ಬಿಟ್ಟರೆ ಪಕ್ಕದ ಮನೆಯವರಿಗೆ ಬೇಸರ. ಮಧ್ಯಾಹ್ನದ ಹೊತ್ತಿಗೆ ವಿಂಕೊ ನೀರು ತುಂಬಿದ ಕೊಡದ ಹಾಗೆ ಹುಷಾರಾಗಿ ನಡೆಯುತ್ತಿದ್ದ. ದಾರಿಯಲ್ಲಿ ಸಿಕ್ಕವರೆಲ್ಲ ಅವನ ಹೆಗಲು ಹಿಡಿದು ನಿಲ್ಲಿಸಿದರು.

“ಸಮಾಧಾನವಾಗಿರು ಮಾರಾಯ. ನೀನು ಕೂತ್ಬಿಟ್ರೆ ನಮ್ಮನ್ನ ಡಯಾಲಿಸಿಸ್‌ಗೆ ಯಾರು ಕರ್ಕೊಂಡು ಹೋಗ್ತಾರೆ?”

“ಒಂಚೂರೂ ಯೋಚ್ನೆ ಮಾಡ್ಬೇಡ ವಿಂಕೊ. ಯೋಚ್ನೆ ಮಾಡಿಯೇ ನಮ್ಮ ಮಾವ ಹೋದ್ರು. ಇದೇ ವಯಸ್ಸು.”

ನೂರ ಎಪ್ಪತ್ತೆರಡು. ಟೀಚರ್ ಈ ಸಲ ಗಟ್ಟಿಯಾಗಿ ಓದಲಿಲ್ಲ. ಅದು ಗಟ್ಟಿಯಾಗಿ ಓದಿದ್ದಕ್ಕಿಂತ ಕೆಟ್ಟದಾಗಿತ್ತು.

“ಇನ್ನು ಲೊವ್ರೊನೇ ಗತಿ,” ಎಂದರು.

ಲೊವ್ರೊ ಊರಿನ ಜೇನುಗಾರ. ಅವನ ಜೇನುಮನೆಯಲ್ಲಿ ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿ ಮಂಚ ಮಾಡಿದ್ದ. ಅದರ ಮೇಲೆ ಮಲಗಿದರೆ ಕೆಳಗೆ ಲಕ್ಷಾಂತರ ಜೇನ್ನೊಣಗಳ ಗುಂಯ್‌ಗುಟ್ಟುವಿಕೆ ಬೆನ್ನಿಗೆ ತಾಗುತ್ತದೆ. ನಿದ್ದೆ ಬಾರದವರು, ಗಂಡ ಸತ್ತವರು, ಮಗ್ಗಿ ಮರೆತ ಮಕ್ಕಳು ಎಲ್ಲರೂ ಅಲ್ಲಿ ಮಲಗಿ ಎದ್ದವರೇ.

“ಮಲಕ್ಕೋ. ಮಾತಾಡ್ಬೇಡ. ಅವು ಮಾತಾಡ್ಲಿ,” ಎಂದ ಲೊವ್ರೊ.

ವಿಂಕೊ ಮಲಗಿದ. ಒಂದು ಗಂಟೆ ಕಳೆಯಿತು. ಮೇಣದ ವಾಸನೆ, ಬಿಸಿ ಹಲಗೆ, ಬೆನ್ನಿನ ಕೆಳಗೆ ಆ ನಡುಕ. ಮೊದಲ ಬಾರಿಗೆ ಅವನ ಭುಜಗಳು ಕಿವಿಯಿಂದ ಕೆಳಗಿಳಿದವು. ಟೀಚರ್ ತುದಿಗಾಲಲ್ಲಿ ಬಂದು ತೋಳಿಗೆ ಮಿಷನ್ನಿನ ಪಟ್ಟಿ ಕಟ್ಟಿದರು. ಗಾಳಿ ತುಂಬಿತು, ಇಳಿಯಿತು.

“ನೂರ ನಲವತ್ತೊಂಬತ್ತು!” ಎಂದು ಕೂಗಿ ಅವರು ಚಪ್ಪಾಳೆ ತಟ್ಟಿದರು. ಹೊರಗೆ ಕಾಯುತ್ತಿದ್ದ ಹತ್ತು ಜನವೂ ಚಪ್ಪಾಳೆ ತಟ್ಟುತ್ತ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. ಯಾರದೋ ಮೊಣಕೈ ತಾಗಿ ಒಂದು ಪೆಟ್ಟಿಗೆಯ ಮುಚ್ಚಳ ಕೆಳಗೆ ಬಿತ್ತು.

ಜೇನ್ನೊಣಗಳಿಗೆ ಚಪ್ಪಾಳೆಯ ಅರ್ಥ ಗೊತ್ತಿಲ್ಲ. ಹತ್ತು ಜನವೂ ಬಂದಷ್ಟೇ ಬೇಗ ಹೊರಗೆ ಓಡಿದರು. ತೋಳಿಗೆ ಮಿಷನ್ನು ಕಟ್ಟಿಸಿಕೊಂಡು ಮಲಗಿದ್ದವನು ವಿಂಕೊ ಒಬ್ಬನೇ. ಬಲಗಣ್ಣಿನ ರೆಪ್ಪೆಗೆ ಒಂದು, ಎಡಗಣ್ಣಿನ ಕೆಳಗೆ ಒಂದು.

“ಕಲ್ಲಿನ ಹಾಗೆ ಬಿದ್ಕೊಂಡಿದ್ರೆ ಅವು ಏನೂ ಮಾಡ್ತಿರ್ಲಿಲ್ಲ,” ಎಂದು ಲೊವ್ರೊ ಮುಳ್ಳು ಕೀಳುತ್ತ ಬೈದ. “ಅವಕ್ಕೂ ಒಂದು ಮನಸ್ಸಿದೆ ಕಣೋ.”

ಎರಡೂವರೆಗೆ ವಿಂಕೊನ ಬಲಗಣ್ಣು ಪೂರ್ತಿ ಮುಚ್ಚಿತ್ತು. ಎಡಗಣ್ಣು ಅಂಚೆಪೆಟ್ಟಿಗೆಯ ಬಾಯಿಯಷ್ಟು ತೆರೆದಿತ್ತು. ಪೇಟೆಗೆ ಇಪ್ಪತ್ತೆರಡು ಕಿಲೋಮೀಟರು.

“ನಾನು ಓಡಿಸ್ತೀನಿ,” ಎಂದು ಅವನು ಬಾಗಿಲ ಕಡೆ ನಡೆದು ಗೋಡೆಗೆ ಹಣೆ ತಾಗಿಸಿಕೊಂಡ.

ಊರಲ್ಲಿ ಇಷ್ಟು ದೊಡ್ಡ ಗಾಡಿಯ ಲೈಸೆನ್ಸಿದ್ದ ಇನ್ನೊಬ್ಬಳೆಂದರೆ ಯೂಸ್ತಿನಾ. ವಯಸ್ಸು ಎಪ್ಪತ್ತನಾಲ್ಕು. ಮೂವತ್ತು ವರ್ಷ ಡೈರಿಯ ಹಾಲಿನ ಲಾರಿ ಓಡಿಸಿದವಳು, ಒಂದು ದಿನವೂ ಹಾಲು ತುಳುಕಿಸಿದವಳಲ್ಲ. ಅವಳು ತೋಟದಲ್ಲಿ ಬೀಟ್‌ರೂಟ್ ಕೀಳುತ್ತಿದ್ದಳು. ಕರೆದರೆ ಬಂದಳು. ಆದರೆ ಮೊದಲು ಕೈ ತೊಳೆದಳು, ಕೋಳಿಗಳನ್ನು ಒಳಗೆ ಹಾಕಿದಳು, ಒಳ್ಳೆಯ ಬೂಟು ಹುಡುಕಿದಳು. ವ್ಯಾನು ಹೊರಟಾಗ ಮೂರು ಗಂಟೆ ಹತ್ತು ನಿಮಿಷ.

ಮುಂದೆ ಎಡಗಡೆಯ ಸ್ಟೀರಿಂಗಿನ ಹಿಂದೆ ಯೂಸ್ತಿನಾ, ಅವಳ ಬಲಕ್ಕೆ ವಿಂಕೊ. ಹಿಂದೆ ಮಿಷನ್ನು ಹಿಡಿದ ಟೀಚರ್, ಡಾಕ್ಟರಿಗೆಂದು ಜೇನಿನ ಶೀಷೆ ಹಿಡಿದ ಲೊವ್ರೊ.

“ಅಕ್ಕಾ, ಇಲ್ಲಿ ಅರವತ್ತರಲ್ಲಿ ಹೋಗ್ಬಹುದು,” ಎಂದ ವಿಂಕೊ.

“ಹೋಗ್ಬಹುದು,” ಎಂದು ಒಪ್ಪಿಕೊಂಡಳು ಯೂಸ್ತಿನಾ. ವೇಗದ ಮುಳ್ಳು ಮೂವತ್ತರ ಮೇಲಿತ್ತು. ಅಲ್ಲೇ ಇತ್ತು.

ಹಿಂದಿನಿಂದ ಒಂದು ಲಾರಿ ಹಾರ್ನು ಹೊಡೆಯಿತು. ಅವಳು ಪಕ್ಕಕ್ಕೆ ನಿಲ್ಲಿಸಿ ಅದಕ್ಕೆ ದಾರಿ ಬಿಟ್ಟಳು. ಅದರ ಹಿಂದಿನ ಏಳು ಕಾರುಗಳಿಗೂ ಬಿಟ್ಟಳು. ಒಂದೊಂದಕ್ಕೂ ಕೈ ಬೀಸಿದಳು. ವಿಂಕೊನ ಬಲಗಾಲು, ಇಲ್ಲದ ಪೆಡಲನ್ನು ನೆಲ ಕುಸಿಯುವಂತೆ ಒತ್ತುತ್ತಿತ್ತು. ಚೀಸಿನ ಬುಟ್ಟಿ ಹೊತ್ತು ನಡೆದು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಕಂಡು ಮತ್ತೆ ನಿಲ್ಲಿಸಿದಳು.

“ಅಕ್ಕಾ, ದಮ್ಮಯ್ಯ, ಇವತ್ತು ಬೇಡ!”

“ಬಿಸಿಲಲ್ಲಿ ನಡೀತಿದ್ದಾಳೆ. ಬಿಟ್ಟು ಹೋಗೋಕಾಗುತ್ತಾ? ನೀನೇ ಯಾವತ್ತೂ ಹತ್ತಿಸ್ಕೊಳ್ತೀಯಲ್ಲ.”

ಆ ಹೆಂಗಸು ಹತ್ತಿ ಎಲ್ಲರಿಗೂ ಒಂದೊಂದು ತುಂಡು ಚೀಸು ಕೊಟ್ಟಳು. ಟೀಚರ್ ಹಿಂದಿನಿಂದ ಪಟ್ಟಿ ಚಾಚಿದರು. “ತೋಳು ಕೊಡು, ಒಂದ್ಸಲ ನೋಡೋಣ.”

“ಮುಟ್ಟಿದ್ರೆ ಹೊರಗೆ ಎಸೀತೀನಿ!” ಎಂದು ವಿಂಕೊ ಕಿರುಚಿದ. ಐದನೇ ತರಗತಿಯಲ್ಲೂ ಅವರಿಗೆ ಎದುರಾಡದವನು. ಟೀಚರ್ ಪಟ್ಟಿಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡರು.

ಮೂರೂ ಮುಕ್ಕಾಲಾಯಿತು. ಇನ್ನೂ ಎಂಟು ಕಿಲೋಮೀಟರು. ವಿಂಕೊ ಲೆಕ್ಕ ಹಾಕಿದ. ಇದೇ ವೇಗದಲ್ಲಿ ಹೋದರೆ ನಾಲ್ಕು ದಾಟುವುದು ಖಂಡಿತ. ಇನ್ನೊಮ್ಮೆ ಹಾಕಿದ, ಅದೇ ಬಂತು. ಕಳೆದುಕೊಳ್ಳುವುದು ಖಚಿತವಾದ ಮೇಲೆ ಮನುಷ್ಯನಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಅವನ ಕಾಲು ತಾನಾಗಿ ಸಡಿಲವಾಯಿತು. ತಲೆ ಕಿಟಕಿಗೆ ಒರಗಿತು.

ಅಲ್ಲಿ ಸೋಚಾ ನದಿ ಇತ್ತು.

ಈ ರಸ್ತೆಯಲ್ಲಿ ಅವನು ದಿನಕ್ಕೆ ನಾಲ್ಕು ಸಲ ಓಡಾಡಿದ್ದ. ಆದರೆ ಕಣ್ಣು ಯಾವಾಗಲೂ ತಿರುವಿನ ಮೇಲೆ. ಈಗ ಅಂಚೆಪೆಟ್ಟಿಗೆಯ ಬಾಯಿಯಷ್ಟು ಕಣ್ಣಿನಿಂದ ಅದನ್ನು ನೋಡಿದ. ಹಸಿರು ನೀರು, ಬಿಳಿ ಕಲ್ಲು. ಕಲ್ಲಿನ ಮೇಲೆ ಒಂದು ಹಕ್ಕಿ ಬಾಲ ಕುಣಿಸುತ್ತಿತ್ತು. ಅದಕ್ಕೆ ನಾಲ್ಕು ಗಂಟೆಯೊಳಗೆ ಎಲ್ಲಿಗೂ ಹೋಗಬೇಕಿರಲಿಲ್ಲ.

ಕೊನೆಯ ಇಳಿಜಾರಿನಲ್ಲಿ ಯೂಸ್ತಿನಾ, ಹೊಟ್ಟೆಯೊಳಗೆ ಹಾಲಿಲ್ಲದ ಗಾಡಿಯೆಂಬುದು ಈಗ ನೆನಪಾಯಿತೋ ಏನೋ, ಸ್ವಲ್ಪ ಜೋರಾಗಿ ಬಿಟ್ಟಳು. ವಿಂಕೊ ಗಮನಿಸಲಿಲ್ಲ.

ಮೂರು ಐವತ್ತೇಳಕ್ಕೆ ಡಾಕ್ಟರ್ ಬಿಝ್ಯಾಕ್ ಕೋಟು ತೊಟ್ಟು, ಕೈಯಲ್ಲಿ ಬೀಗದ ಕೈ ಹಿಡಿದು ನಿಂತಿದ್ದರು. ವಿಂಕೊನ ಮುಖ ನೋಡಿ ಕೋಟು ತೆಗೆದರು.

“ಯಾರು ಹೊಡೆದ್ರು?”

“ಜೇನು, ಡಾಕ್ಟ್ರೇ.”

ಪಟ್ಟಿ ಕಟ್ಟಿದರು. ಬಾಗಿಲ ಸಂದಿಯಲ್ಲಿ ಟೀಚರ್, ಲೊವ್ರೊ, ಚೀಸಿನ ಹೆಂಗಸು ಒಬ್ಬರ ಮೇಲೊಬ್ಬರು ತಲೆ ಇಟ್ಟು ಇಣುಕುತ್ತಿದ್ದರು. ಡಾಕ್ಟರು ಅಂಕಿ ನೋಡಿದರು. ಹುಬ್ಬು ಗಂಟಿಕ್ಕಿ ಇನ್ನೊಂದು ತೋಳಿಗೆ ಕಟ್ಟಿದರು.

“ನೂರ ಇಪ್ಪತ್ತೆರಡು,” ಎಂದರು ಡಾಕ್ಟರು.

ಬಾಗಿಲು ಪೂರ್ತಿ ತೆರೆದುಕೊಂಡಿತು.

“ತಣ್ಣೀರು! ನಾನು ಹೇಳ್ಲಿಲ್ವಾ, ಇಳಿಯೋ ಮೊದಲು ಏರುತ್ತೆ ಅಂತ!”

“ಏನ್ ತಣ್ಣೀರು ಟೀಚರ್, ಜೇನಿನ ವಿಷ! ಎರಡು ಮುಳ್ಳು, ಪುಕ್ಕಟೆ!”

“ನನ್ನ ಚೀಸು ತಿಂದ್ರಲ್ಲ,” ಎಂದಳು ಆ ಹೆಂಗಸು.

ಡಾಕ್ಟರು ಕೈ ಎತ್ತಿ ಸುಮ್ಮನಾಗಿಸಿದರು. “ವಿಂಕೊ, ನೀವು ಹೇಳಿ. ಇವತ್ತು ಏನು ಬೇರೆ ಮಾಡಿದ್ರಿ?”

ಹೊಳೆ ಎನ್ನಬಹುದಿತ್ತು. ಕಷಾಯ ಎನ್ನಬಹುದಿತ್ತು. ಆದರೆ ವಿಂಕೊಗೆ ಆ ಹೊತ್ತಿನಲ್ಲಿ ಸುಳ್ಳು ಹೇಳುವಷ್ಟು ಒತ್ತಡ ಮೈಯಲ್ಲಿರಲಿಲ್ಲ.

“ಕಿಟಕಿಯಿಂದ ಹೊರಗೆ ನೋಡ್ದೆ,” ಎಂದ. “ನದಿ ಅಷ್ಟು ಹಸಿರಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಟೀಚರ್ ಕಣ್ಣೊರೆಸಿಕೊಂಡರು. ಡಾಕ್ಟರು ಕಾಗದ ಮಗುಚಿದರು.

“ಹಿಂದಿನ ಎರಡು ಸಲ ಇಲ್ಲಿಗೆ ನೀವೇ ಓಡಿಸ್ಕೊಂಡು ಬಂದಿದ್ರಾ?”

“ಹೌದು. ಯಾವಾಗ್ಲೂ ನಾನೇ.”

“ಇವತ್ತು?”

“ಇವತ್ತು ಯೂಸ್ತಿನಾ ಅಕ್ಕ.”

ಡಾಕ್ಟರು ಪೆನ್ನು ತೆಗೆದು ಬರೆಯತೊಡಗಿದರು. “ಓಡಿಸಿದ್ರೆ ನೂರ ಎಪ್ಪತ್ತು. ಕೂತ್ರೆ ನೂರ ಇಪ್ಪತ್ತು. ಇನ್ನು ನೀವು ವ್ಯಾನು ಮುಟ್ಬಾರ್ದು.”

“ಆದ್ರೆ ಡಾಕ್ಟ್ರೇ, ನೂರ ಐವತ್ತಕ್ಕಿಂತ ಕೆಳಗಿದೆಯಲ್ಲ!”

“ಅದಕ್ಕೇ. ಇವತ್ತೂ ನೂರ ಎಪ್ಪತ್ತು ಇದ್ದಿದ್ರೆ ಮಾತ್ರೆ ಕೊಟ್ಟು, ಲೈಸೆನ್ಸು ಮೂರು ತಿಂಗಳು ಮುಂದಕ್ಕೆ ಹಾಕೋಣ ಅಂತಿದ್ದೆ. ಕಾಗದನೂ ಬರೆದಿಟ್ಟಿದ್ದೆ ನೋಡಿ. ಕಾರಣ ಏನು ಅಂತ ಆಗ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು.” ಬರೆದಿಟ್ಟಿದ್ದ ಕಾಗದವನ್ನು ಅವರು ಎರಡಾಗಿ ಹರಿದು, ಚೂರುಗಳನ್ನು ಮರುಬಳಕೆಯ ಬುಟ್ಟಿಗೆ ಹಾಕಿದರು.

ಟೀಚರ್ ಬುಟ್ಟಿಯೊಳಗಿನ ಚೂರುಗಳನ್ನು ಬಗ್ಗಿ ನೋಡಿದರು. ಆಮೇಲೆ ಅವರ ಮುಖ ಬೆಳಗಿತು. “ಯೂಸ್ತಿನಾ ಓಡಿಸಿದ್ದಕ್ಕೆ ಬ್ಯಾಟರಿಯಲ್ಲಿ ಕಾಲು ಭಾಗವೂ ಖರ್ಚಾಗಿಲ್ಲ. ವಿಂಕೊಗೆ ಆರೋಗ್ಯ, ಊರಿಗೆ ಉಳಿತಾಯ. ನೋಡಿದ್ಯಾ ವಿಂಕೊ, ಒಂದೇ ದಾರ!”

ಲೊವ್ರೊ ಅವನ ಬೆನ್ನು ತಟ್ಟಿ ಜೇನಿನ ಶೀಷೆಯನ್ನು ಡಾಕ್ಟರ ಕೈಗಿಟ್ಟ.

ಹೊರಗೆ ಯೂಸ್ತಿನಾ ಸ್ಟೀರಿಂಗ್ ಹಿಡಿದು ಕೂತಿದ್ದಳು. ವಿಷಯ ಕೇಳಿ ನೊಂದುಕೊಂಡಳು. ಒಳ್ಳೆಯ ಹೆಂಗಸು.

“ಬೇಜಾರು ಮಾಡ್ಕೋಬೇಡ, ಮಗಾ. ಈ ಮುಂದಿನ ಸೀಟಲ್ಲಿ ಬೇರೆ ಯಾರನ್ನೂ ಕೂರಿಸಲ್ಲ. ಅದು ನಿಂದು. ಹತ್ತು, ನದಿ ನೋಡ್ಕೊಂಡು ಹೋಗೋಣ.”

ವಿಂಕೊ ಹತ್ತಿದ. ವ್ಯಾನು ಮೂವತ್ತರ ವೇಗದಲ್ಲಿ ಊರಿನ ಕಡೆ ಹೊರಟಿತು. ಪೇಟೆ ದಾಟಿದ ಮೇಲೆ ಅವನು ಬಲಗಡೆಗೆ ಹೊರಳಿ, ಇದ್ದಷ್ಟು ಕಣ್ಣನ್ನು ಕಿಟಕಿಗೆ ಒತ್ತಿದ. ಬರುವಾಗ ನದಿಯಿದ್ದ ಕಡೆ ಈಗ ಬಂಡೆಯಿತ್ತು. ಮುಂದೆಯೂ ಬಂಡೆ, ಅದರ ಮುಂದೆಯೂ ಬಂಡೆ.

“ಅಬ್ಬಾ, ಏನು ಹಸಿರೋ ಮಾರಾಯ!” ಎಂದಳು ಯೂಸ್ತಿನಾ, ತನ್ನ ಪಕ್ಕದ ಕಿಟಕಿಯಿಂದ.