ಕಣ್ಣಿಡಲು ಜಾಗವಿಲ್ಲದ ಟೆಲಿಸ್ಕೋಪು

ನಮ್ಮ ಸೋದರಮಾವನ ಟೆಲಿಸ್ಕೋಪಿನಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅದನ್ನು ಹಾಗೆ ಮಾಡಲು ಅವರು ಪಟ್ಟ ಕಷ್ಟ ಅಷ್ಟಿಷ್ಟಲ್ಲ!

ಎಪ್ಪತ್ತರ ದಶಕದ ಆರಂಭ. ನಾನು ಹಲಸೂರಿನ ಅಜ್ಜಿಯ ಮನೆಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ಒಂದು ಸಂಜೆ ಮಾವ ಕಾರ್ಖಾನೆಯಿಂದ ಬಂದವರೇ ಆಳುದ್ದದ ಟೆಲಿಸ್ಕೋಪನ್ನು ಗರಗಸದಿಂದ ಮೊಳದುದ್ದಕ್ಕೆ ಕತ್ತರಿಸಿದರು. ಮುಂದಿನ ತುದಿಗೆ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ದಪ್ಪ ಲೆನ್ಸು. ಕಣ್ಣಿಡುವ ಕಡೆ ಫಿಲ್ಮು. ಗಂಟೆಗಟ್ಟಲೆ ಹಿಡಿಯುವ ಚಿತ್ರ ಇನ್ನು ಹತ್ತೇ ನಿಮಿಷಕ್ಕಂತೆ, ಅದೂ ಅರ್ಧ ಆಕಾಶದ್ದು! ಅಡ್ಡ ಬರುತ್ತದೆಂದು ತಾರಸಿಯ ದಕ್ಷಿಣದ ಮೋಟುಗೋಡೆಯನ್ನೂ ಒಡೆದರು. ಅಲ್ಲಿಂದ ನೆಲಕ್ಕೆ ಇಪ್ಪತ್ತು ಅಡಿ. ನಾನೇ ಹಗ್ಗ ಬಿಟ್ಟು ಅಳೆದಿದ್ದೆ.

“ಯುದ್ಧವಿಮಾನದ ಗಾಜು ಸಾಬ್. ಬಾಂಬ್ ಹಾಕೋಕೆ ಮುಂಚೆ ಊರೂರನ್ನೇ ನೋಡೈತೆ” ಎಂದಿದ್ದನಂತೆ ಗುಜರಿಯವನು.

ಚಂದ್ರನನ್ನು ನೋಡಲು ಬಂದ ಪಕ್ಕದ ಮನೆಯ ಪದ್ಮಮ್ಮ ಅದಕ್ಕೆ ಮೂರು ಸುತ್ತು ಬಂದರು. “ಕಣ್ಣೆಲ್ಲಿಡ್ಬೇಕ್ರೀ?”

“ಮನೇಲಿಟ್ಟು ಬನ್ನಿ. ಇಲ್ಲಿ ಫಿಲ್ಮೇ ನೋಡೋದು!” ಎಂದರು ಮಾವ.

ರಾತ್ರಿ ಅವರು ಒಬ್ಬರೇ ತಾರಸಿಗೆ ಹತ್ತುವರು. ದೀಪ ಕೂಡದು, ಜನ ಕೂಡದು. ಮೂವತ್ತೆರಡು ಮೆಟ್ಟಿಲನ್ನೂ ಎಣಿಸುತ್ತಲೇ ಹತ್ತುವರು. ನನ್ನ ಲೆಕ್ಕದ ಹುಚ್ಚು ಯಾರ ಕಡೆಯಿಂದ ಬಂತೆಂದು ಬೇರೆ ಹೇಳಬೇಕೆ? ಮೇಲೆ ಗಡಿಯಾರದ ಟಿಕ್‌ಟಿಕ್ಕಿಗೆ ಸರಿಯಾಗಿ ತಿರುಪು ತಿರುಗಿಸುತ್ತ, ಓಡುವ ನಕ್ಷತ್ರಗಳ ಹಿಂದೆ ಕ್ಯಾಮೆರಾ ಓಡಿಸುವರು.

ಮೊದಲ ಚಿತ್ರ ತೊಳೆದೆವು. ವೃಶ್ಚಿಕದ ಬಾಲದ ಕೆಳಗೆ, ಒಡೆದ ಗೋಡೆಯ ಅಂಚಿನಲ್ಲಿ, ಬಿಳಿಯ ಆಕೃತಿಯೊಂದು ನಿಂತಿತ್ತು. ಮುಖವಿಲ್ಲ. ಪಾದವಿಲ್ಲ.

“ಲೆನ್ಸಿನ ದೋಷ” ಎಂದರು ಮಾವ.

“ದೋಷಕ್ಕೆ ಭುಜ ಇರುತ್ತಾ ಮಾವ?”

ಅವರು ಚಿತ್ರವನ್ನು ಬೋರಲು ಹಾಕಿದರು.

“ಬಾಂಬಲ್ಲಿ ಸತ್ತೋರು ಕಣಮ್ಮ, ಗಾಜಿಗೆ ಅಂಟ್ಕೊಂಡಿದಾರೆ. ನಿಂಬೆಹಣ್ಣು ಕಟ್ಟಿ” ಎಂದರು ಪದ್ಮಮ್ಮ. ಲೆನ್ಸಿನ ಮುಂದೆಯೇ ಕಟ್ಟಿದೆ. ಮುಂದಿನ ಚಿತ್ರದಲ್ಲಿ ಆಕೃತಿಯೂ ಬಂತು, ನಿಂಬೆಹಣ್ಣೂ ಬಂತು!

ರಾತ್ರಿಗೊಂದರಂತೆ ಒಟ್ಟು ಹನ್ನೊಂದು ಚಿತ್ರ. ಒಂಬತ್ತರಲ್ಲಿ ಅದು, ಅದೇ ಜಾಗದಲ್ಲಿ. ಉಳಿದೆರಡು ರಾತ್ರಿಗಳನ್ನು ನನ್ನ ದಿನಚರಿಯಲ್ಲಿ ಹುಡುಕಿದೆ. ಎರಡು ಪುಟದಲ್ಲೂ ಒಂದೇ ಸಾಲು: ‘ಅಜ್ಜಿ ಕೆ.ಆರ್. ಪುರಕ್ಕೆ, ಚಿಕ್ಕಮ್ಮನ ಮನೆಗೆ.’

ಚಿತ್ರ ಹಿಡಿದುಕೊಂಡು ಓಡಿದೆ. ಬಿಳಿ ಸೀರೆಯ ಅಜ್ಜಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. “ಅಜ್ಜಿ, ಇದು ನೀವಾ?” ಎಂದು ಕೂಗಿದೆ.

“ಮೆಲ್ಲಗೆ ಮಾತಾಡೇ” ಎಂದರು. “ನಿಮ್ಮ ಮಾವಂಗೆ ಚಿಕ್ಕಂದಿನಿಂದ ಕತ್ತಲಲ್ಲಿ ಕಣ್ಣು ಕಾಣಲ್ಲ. ಒಂದು ನಕ್ಷತ್ರಾನೂ ಕಂಡೋನಲ್ಲ. ಅದಕ್ಕೇ ಈ ಫಿಲ್ಮು. ಗೋಡೆ ಬೇರೆ ಒಡ್ಕೊಂಡಿದಾನೆ. ಈ ಕಡೆ ಬಂದ್ರೆ ಮೊದ್ಲು ನನಗೆ ಡಿಕ್ಕಿ ಹೊಡೀಲಿ ಅಂತ ನಿಲ್ತೀನಿ.”

“ಅವರಿಗೆ ಹೇಳ್ಬಾರ್ದಾ ಅಜ್ಜಿ?”

“ಹೇಳಿದ್ರೆ ನಾಚ್ಕೊಂಡು ಮೇಲೆ ಹೋಗೋದೇ ಬಿಟ್ಬಿಡ್ತಾನೆ.”

ನಾನೂ ಹೇಳಲಿಲ್ಲ. ಆದರೆ ಭಾನುವಾರ ಹಾಡಹಗಲಲ್ಲಿ ಮಾವ ಒಂಬತ್ತು ಚಿತ್ರಗಳನ್ನೂ ಕಿಟಕಿಯ ಬಳಿ ಹರಡಿಕೊಂಡು, ಭೂತಗನ್ನಡಿ ಹಿಡಿದು ಬಹಳ ಹೊತ್ತು ಕೂತರು. ಒಮ್ಮೆ ಅಡುಗೆಮನೆಯತ್ತ ನೋಡಿದರು. ಆಮೇಲೆ ಬೆತ್ತದ ಕುರ್ಚಿಯೊಂದನ್ನು ಹೊತ್ತುಕೊಂಡು ತಾರಸಿಗೆ ಹೋದರು. 

ನನ್ನ ದಿನಚರಿಯಲ್ಲಿ ಹೀಗಿದೆ: ‘ಹನ್ನೆರಡನೆಯ ಚಿತ್ರ. ನಕ್ಷತ್ರಗಳು ಸ್ಪಷ್ಟ. ಭೂತ ಕುರ್ಚಿಯಲ್ಲಿ ಕೂತಿದೆ. ಮೈಮೇಲೆ ಮಾವನ ಕಪ್ಪು ಶಾಲು.’