ಪೊಟ್ಟಣ ತೂಗುವ ಯಂತ್ರದ ಮೇಲೆ ಸಿಬ್ಬಂದಿ ನಿಲ್ಲುವುದನ್ನೂ, ನಿಲ್ಲದವರ ತೂಕವನ್ನು ಕಣ್ಣಳತೆಯಲ್ಲಿ ಸಾರುವುದನ್ನೂ ನಿಷೇಧಿಸುವ ಬಗ್ಗೆ

ಕಚೇರಿ ಸುತ್ತೋಲೆ
ಸಂಖ್ಯೆ: ಆಡಳಿತ/ನಡವಳಿಕೆ/ಮೈಕಟ್ಟು/೧೭

ವಿಷಯ: ಎದುರು ಸಿಕ್ಕವರ ಮೈ ದಪ್ಪವಾದದ್ದನ್ನು ಅಥವಾ ಸಣ್ಣಗಾದದ್ದನ್ನು ಕುಶಲಪ್ರಶ್ನೆಯಾಗಿ ಬಳಸುವ ಅಭ್ಯಾಸ ಕೈಬಿಡುವ ಕುರಿತು.

ಉಲ್ಲೇಖ:
(೧) ಮುಂದಿನ ತಲೆಮಾರಿನವರು ಹಾನಿಕರವೆಂದು ಎಣಿಸಬಹುದಾದ ಇಂದಿನ ಅಭ್ಯಾಸಗಳ ಪಟ್ಟಿ ಕೋರಿ ಕೇಂದ್ರ ಕಚೇರಿಯಿಂದ ಬಂದ ಪತ್ರ.
(೨) "ಈ ಕಚೇರಿಯಲ್ಲಿ ಅಂಥ ಅಭ್ಯಾಸ ಯಾವುದೂ ಇಲ್ಲ" ಎಂದು ಮರುದಿನವೇ ಕಳುಹಿಸಿದ ಉತ್ತರ.
(೩) ಬೆರಳಚ್ಚುಗಾರ್ತಿಯವರ ವರ್ಗಾವಣೆ ಅರ್ಜಿ (ಮುಚ್ಚಿದ ಲಕೋಟೆಯಲ್ಲಿ).

ಪೀಠಿಕೆ:

ಉಲ್ಲೇಖ (೨)ರ ಉತ್ತರಕ್ಕೆ ಸಿಬ್ಬಂದಿಯ ಸಹಿ ಪಡೆಯುವ ಕಾರ್ಯವು ಟಪಾಲು ವಿಭಾಗದಲ್ಲಿ ನಡೆದಿದ್ದು, ಸಹಿ ಹಾಕಲು ಬಂದ ಮೂವತ್ತೆಂಟು ಮಂದಿಯ ಪೈಕಿ ಇಪ್ಪತ್ತೊಂಬತ್ತು ಮಂದಿ ಸರದಿ ಕಾಯುತ್ತಾ ಪೊಟ್ಟಣ ತೂಗುವ ಯಂತ್ರದ ಮೇಲೆ ನಿಂತು ನೋಡಿಕೊಂಡಿರುವುದು ಕಂಡುಬಂದಿದೆ. ಯಂತ್ರದ ಮುಳ್ಳು ತೋರಿಸಿದ್ದನ್ನೆಲ್ಲ ಬರೆದಿಡುವುದು ಟಪಾಲು ಗುಮಾಸ್ತರ ಇಪ್ಪತ್ತಮೂರು ವರ್ಷಗಳ ರೂಢಿಯಾದ್ದರಿಂದ ಅವೆಲ್ಲವೂ ರವಾನೆ ವಹಿಗೆ ಏರಿವೆ. ಉಗ್ರಾಣದ ಮೇಲ್ವಿಚಾರಕರು "ಎಂಬತ್ತಾರು ಕೆ.ಜಿ., ಒಡೆಯುವ ವಸ್ತುವಲ್ಲ" ಎಂದು ನಮೂದಾಗಿದ್ದು, ಅವರನ್ನು ಇದುವರೆಗೆ ಏಕೆ ರವಾನಿಸಿಲ್ಲ ಎಂದು ತಪಾಸಣೆಯವರು ವಿವರಣೆ ಕೇಳಿದ್ದಾರೆ.

ಅದೇ ವಾರ, ಹನ್ನೊಂದು ವಾರಗಳ ಕಾಯಿಲೆ ರಜೆ ಮುಗಿಸಿ ಬೆರಳಚ್ಚುಗಾರ್ತಿಯವರು ಕೆಲಸಕ್ಕೆ ಹಾಜರಾದರು. ಮುಂಬಾಗಿಲಲ್ಲೇ ಇರುವ ತಮ್ಮ ಮೇಜಿನಿಂದ ಟಪಾಲು ಗುಮಾಸ್ತರು ಎಲ್ಲರೆದುರು, "ಏನಕ್ಕಾ, ಅರ್ಧ ಆಸ್ಪತ್ರೇಲೇ ಬಿಟ್ಟು ಬಂದ್ರಾ? ಬನ್ನಿ ಬನ್ನಿ, ಹತ್ತಿ, ಉಳಿದಿದ್ದನ್ನಾದ್ರೂ ತೂಗೋಣ" ಎಂದು ಸ್ವಾಗತಿಸಿದರು. ಎಲ್ಲರೂ ನಕ್ಕರು. ಬೆರಳಚ್ಚುಗಾರ್ತಿಯವರೂ ನಕ್ಕರು. ಮರುದಿನದಿಂದ ಅವರು ಹಿಂಬದಿಯ ಮೆಟ್ಟಿಲಿನಿಂದ ಬರುತ್ತಿದ್ದಾರೆ, ಬಾಗಿಲು ಹಾಕಿಕೊಂಡು ಊಟ ಮಾಡುತ್ತಿದ್ದಾರೆ. ನಾಲ್ಕನೆಯ ದಿನ ಉಲ್ಲೇಖ (೩)ರ ಲಕೋಟೆ ಟಪಾಲು ತಟ್ಟೆಯಲ್ಲಿ ಕಂಡುಬಂದಿದೆ.

ಹದಿನಾರು ವರ್ಷ ಒಟ್ಟಿಗೆ ಚಹಾ ಕುಡಿದವರು ಹೀಗೇಕೆ ಮಾಡಿದರು ಎಂದು ಟಪಾಲು ಗುಮಾಸ್ತರು ಎರಡು ದಿನ ಯೋಚಿಸಿ ಈ ಲಿಖಿತ ವಿವರಣೆ ಸಲ್ಲಿಸಿರುತ್ತಾರೆ: "ಹುಷಾರಾಗಿದ್ದೀರಾ ಅಂತ ಕೇಳೋಕೆ ಹೋದೆ ಸಾರ್, ಬಾಯಿಗೆ ಅದು ಬಂತು. ಅಕ್ಕ ನಕ್ರು. ನಕ್ರಲ್ಲ ಅಂತ ನಾನೂ ನಕ್ಕೆ. ಅವರು ಹೋಗ್ಬಾರ್ದು ಸಾರ್."

ಸದರಿ ವಿವರಣೆಯನ್ನು ಪರಿಶೀಲಿಸಿ, ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಪೊಟ್ಟಣ ತೂಗುವ ಯಂತ್ರಕ್ಕೆ ಬಟ್ಟೆ ಹೊದಿಸಿ ಮೊಹರು ಮಾಡಲಾಗಿದೆ. ಮುಂದಿನ ಆದೇಶದವರೆಗೆ ಅದರ ಮೇಲೆ ಮನುಷ್ಯರನ್ನಾಗಲಿ, ಪೊಟ್ಟಣಗಳನ್ನಾಗಲಿ, ಲಕೋಟೆಗಳನ್ನಾಗಲಿ ಇಡತಕ್ಕದ್ದಲ್ಲ. ಒಂದೇ ಕಾಲು ಇಟ್ಟಿದ್ದೆ ಎಂಬ ಸಮಜಾಯಿಷಿಯನ್ನು ಪರಿಗಣಿಸಲಾಗುವುದಿಲ್ಲ.

೨. "ಏನು, ಇಷ್ಟು ಸೊರಗಿಬಿಟ್ರಿ", "ಮನೇಲಿ ಚೆನ್ನಾಗಿ ನೋಡ್ಕೋತಾರೆ ಅನ್ಸುತ್ತೆ", "ಗಾಳಿ ಬೀಸ್ತಿದೆ, ಕಿಟಕಿ ಹತ್ರ ಹೋಗ್ಬೇಡಿ" ಮುಂತಾದ ಮಾತುಗಳನ್ನು ಈ ಮೂಲಕ ನಿಷೇಧಿಸಲಾಗಿದೆ. ಅಡಿಯಿಂದ ಮುಡಿಯವರೆಗೆ ನೋಡಿ "ನಾನೇನೂ ಹೇಳಲ್ಲಪ್ಪ" ಎನ್ನುವುದನ್ನು ಪೂರ್ಣ ಪ್ರಮಾಣದ ಹೇಳಿಕೆಯೆಂದೇ ಭಾವಿಸಲಾಗುವುದು.

೩. ಯಾವುದರ ತೂಕವನ್ನೂ ಕಣ್ಣಳತೆಯಲ್ಲಾಗಲಿ, ಕೈಯಳತೆಯಲ್ಲಾಗಲಿ ಅಂದಾಜಿಸತಕ್ಕದ್ದಲ್ಲ. ಎದುರಿನಿಂದ ಬರುವವರನ್ನು ಕಂಡಾಗ ದೃಷ್ಟಿಯನ್ನು ಗೋಡೆ ಗಡಿಯಾರದತ್ತ ಇರಿಸಬೇಕು. ಪ್ರಾಯೋಗಿಕವಾಗಿ ಇದನ್ನು ಪಾಲಿಸಿದ ಇಬ್ಬರು ಕಾರಿಡಾರಿನಲ್ಲಿ ಪರಸ್ಪರ ಡಿಕ್ಕಿ ಹೊಡೆದಿದ್ದು, ಅವರ ಹಣೆಯ ಊತದ ಗಾತ್ರ ಕುರಿತೂ ಯಾರೂ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ.

೪. ಅಭ್ಯಾಸವನ್ನು ಒಮ್ಮೆಲೇ ಬಿಡಲಾಗದ ಹಿರಿಯ ನೌಕರರು ದಿನಕ್ಕೆರಡು ಬಾರಿ ಪೀಠೋಪಕರಣಗಳನ್ನು ಕುರಿತು ಹೇಳಿಕೊಳ್ಳಬಹುದು. "ಈ ಬೀರು ಯಾಕೋ ಇಳಿದುಹೋಗಿದೆ" ಎನ್ನಲು ಅಭ್ಯಂತರವಿಲ್ಲ. ಬೀರುವಿನ ಪಕ್ಕ ಯಾರೂ ನಿಂತಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

೫. ಸಿಬ್ಬಂದಿಯ ಚಿಕ್ಕಮ್ಮಂದಿರು, ಸೋದರತ್ತೆಯರು ಈ ಕಚೇರಿಯ ಅಧಿಕಾರ ವ್ಯಾಪ್ತಿಗೆ ಒಳಪಡುವುದಿಲ್ಲ. ಒಬ್ಬ ಸೋದರತ್ತೆಯವರಿಗೆ ಪ್ರಾಯೋಗಿಕವಾಗಿ ಪತ್ರ ಬರೆಯಲಾಗಿತ್ತು. "ಅಧೀಕ್ಷಕರಿಗೆ ಊಟ ಸರಿಯಾಗಿ ಸೇರ್ತಿಲ್ಲ ಅಂತ ಕಾಣುತ್ತೆ, ಅಕ್ಷರವೂ ಬಡಕಲಾಗಿದೆ" ಎಂಬ ಉತ್ತರ ಬಂದಿರುವುದರಿಂದ ವ್ಯವಹಾರವನ್ನು ಮುಕ್ತಾಯಗೊಳಿಸಲಾಗಿದೆ.

೬. ಬದಲಿ ಕುಶಲಪ್ರಶ್ನೆಯ ಕರಡು ಸಲ್ಲಿಸುವಂತೆ ಟಪಾಲು ಗುಮಾಸ್ತರಿಗೆ ಸೂಚಿಸಲಾಗಿತ್ತು. "ನಮಸ್ಕಾರ ಅಕ್ಕಾ, ನಾನೇನೂ ನೋಡ್ಲಿಲ್ಲ" ಎಂಬ ಮೊದಲ ಕರಡನ್ನು ತಿರಸ್ಕರಿಸಲಾಯಿತು. "ಚಪ್ಪಲಿ ಚೆನ್ನಾಗಿದೆ" ಎಂಬ ಎರಡನೆಯದನ್ನು ಬಳಸಿ ನೋಡಿದಾಗ ಬೆರಳಚ್ಚುಗಾರ್ತಿಯವರು ಚಪ್ಪಲಿ ನೋಡಿಕೊಂಡು ಮುಂದೆ ಹೋದರು. ಮೂರನೆಯದನ್ನು ಗುಮಾಸ್ತರು ಅನುಮೋದನೆಗೂ ಕಾಯದೆ, ಗುರುವಾರ ಬೆಳಿಗ್ಗೆ ಹಿಂಬದಿಯ ಮೆಟ್ಟಿಲಲ್ಲಿ ನಲವತ್ತು ನಿಮಿಷ ನಿಂತು ಬಳಸಿರುತ್ತಾರೆ: "ಅಕ್ಕಾ, ನೀವಿಲ್ದೆ ವಿಳಾಸಗಳೆಲ್ಲ ತಪ್ಪಿ ಹೋದ್ವು. ನನ್ನ ಅಕ್ಷರ ಓದೋರು ಯಾರೂ ಇರ್ಲಿಲ್ಲ. ನೀವು ಮುಂದಿನ ಬಾಗ್ಲಿಂದ ಬನ್ನಿ. ಬೇಕಾದ್ರೆ ನಾನು ಹಿಂದಿನಿಂದ ಬರ್ತೀನಿ." ಬೆರಳಚ್ಚುಗಾರ್ತಿಯವರು ಅವರನ್ನು ದಾಟಿ ಮೆಟ್ಟಿಲು ಹತ್ತಿ ಹೋದರು. ಆದರೂ ಇದನ್ನು ಮಾದರಿಯಾಗಿ ಅಂಗೀಕರಿಸಲಾಗಿದೆ. ಇತರರು ಇದನ್ನು ಬಳಸುವ ಮೊದಲು ತಮ್ಮಲ್ಲಿಯೂ ನಿಜವಾಗಿ ಏನಾದರೂ ತಪ್ಪಿಹೋಗಿದೆಯೆಂದು ದೃಢಪಡಿಸಿಕೊಳ್ಳತಕ್ಕದ್ದು.

೭. ಉಲ್ಲೇಖ (೩)ರ ಲಕೋಟೆಯು ಕೇಂದ್ರ ಕಚೇರಿಗೆ ಹೋಗಬೇಕಾಗಿದ್ದು, ತೂಗದೆ ಅಂಚೆಚೀಟಿ ಅಂಟಿಸುವಂತಿಲ್ಲ, ನಿಯಮ ೧ರಂತೆ ತೂಗುವಂತಿಲ್ಲ. ಲಕೋಟೆಯನ್ನು ಬರೀ ಅಂಗೈಯಲ್ಲಿಟ್ಟು ಗ್ರಾಂ ಹೇಳಬಲ್ಲ ಟಪಾಲು ಗುಮಾಸ್ತರನ್ನು ವಿಚಾರಿಸಲಾಗಿ, ನಿಯಮ ೩ ಅಡ್ಡಬರುತ್ತದೆ ಎಂದು ವರದಿ ಮಾಡಿದ್ದಾರೆ. ಅವರು ಇಷ್ಟು ಕಟ್ಟುನಿಟ್ಟಾಗಿ ನಿಯಮ ಪಾಲಿಸಿದ ಪೂರ್ವನಿದರ್ಶನ ಕಡತದಲ್ಲಿ ಸಿಕ್ಕಿಲ್ಲ. ಲಕೋಟೆ ಒಂಬತ್ತು ದಿನಗಳಿಂದ ತಟ್ಟೆಯಲ್ಲಿದೆ. ಅರ್ಜಿದಾರರು ಯಾವಾಗ ಬೇಕಾದರೂ ಬಾಯಿಮಾತಿನಲ್ಲಿ ಕೇಳಿ ಹಿಂಪಡೆಯಬಹುದು. ಹಿಂಪಡೆಯುವುದು ಬೇಡವೆಂದಾದರೆ, ತೂಗದೆ ಕೈಯಾರೆ ಒಯ್ದು ಮುಟ್ಟಿಸಲು ಗುಮಾಸ್ತರು, ಮನಸ್ಸಿಲ್ಲದಿದ್ದರೂ, ಸೋಮವಾರದಿಂದ ಬದ್ಧರಾಗಿರುತ್ತಾರೆ.

೮. ಉಲ್ಲೇಖ (೨)ರ ಉತ್ತರವನ್ನು ಹಿಂಪಡೆದು, "ಒಂದು ಅಭ್ಯಾಸ ಇದೆ, ಬಿಡಲು ಪ್ರಯತ್ನಿಸಲಾಗುತ್ತಿದೆ" ಎಂದು ತಿದ್ದಿ ಕಳುಹಿಸಲಾಗುವುದು. ಮುಂದೊಂದು ದಿನ ನಮ್ಮ ಮೊಮ್ಮಕ್ಕಳು ರವಾನೆ ವಹಿ ತೆರೆದು "ನಿಜವಾಗ್ಲೂ ಮನುಷ್ಯರನ್ನ ಹೀಗೆ ಬರೀತಿದ್ರಾ?" ಎಂದು ಕೇಳಿದರೆ ಉಗ್ರಾಣದ ಮೇಲ್ವಿಚಾರಕರ ಕುಟುಂಬದವರೇ ಉತ್ತರಿಸತಕ್ಕದ್ದು.

ಸಹಿ/-
ಕಚೇರಿ ಅಧೀಕ್ಷಕರು

ಪ್ರತಿಗಳು:
೧. ಕೇಂದ್ರ ಕಚೇರಿಗೆ, ತೂಗದೆ.
೨. ಉಗ್ರಾಣದ ಮೇಲ್ವಿಚಾರಕರಿಗೆ. ತಾವು ಇನ್ನು ಮುಂದೆ ಪೊಟ್ಟಣವಲ್ಲವೆಂದು ಖಚಿತಪಡಿಸಲಾಗಿದೆ.
೩. ಸೋದರತ್ತೆಯವರಿಗೆ, ಮಾಹಿತಿಗಾಗಿ ಮಾತ್ರ. ಉತ್ತರ ಅಗತ್ಯವಿಲ್ಲ.
೪. ಬೆರಳಚ್ಚುಗಾರ್ತಿಯವರಿಗೆ ಪ್ರತಿ ಇಲ್ಲ. ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿದವರು ಅವರೇ. ನಿಯಮ ೭ರವರೆಗೆ ಬಂದಾಗ ಎದ್ದು ಹೋಗಿ, ಹತ್ತು ನಿಮಿಷ ಬಿಟ್ಟು ಮರಳಿ, ಉಳಿದದ್ದನ್ನು ಪೂರ್ಣಗೊಳಿಸಿರುತ್ತಾರೆ.
೫. ಟಪಾಲು ಗುಮಾಸ್ತರಿಗೆ. ತಟ್ಟೆಯಲ್ಲಿದ್ದ ಲಕೋಟೆಯನ್ನು ಅರ್ಜಿದಾರರು ಹಿಂಪಡೆದಿರುವುದರಿಂದ ಯಂತ್ರದ ಮೊಹರು ತೆಗೆಯಬಹುದು, ಪೊಟ್ಟಣಗಳಿಗೆ ಮಾತ್ರ. ತಾವು ಹಿಂಬಾಗಿಲಿನಿಂದ ಬರುವ ಅಗತ್ಯವೂ ಇರುವುದಿಲ್ಲ.