ಪಾತಾಳ ಸ್ವರಕ್ಕೊಂದು ಮೌನವ್ರತ

ಈ ಭಾನುವಾರ ನನ್ನ ಸ್ವರ ಕೇಳಿದ ಜನ ಕೂತಲ್ಲೇ ತಮ್ಮ ಪಾಪಗಳನ್ನೆಲ್ಲ ನೆನೆದು ಗಳಗಳನೆ ಅಳಬೇಕು, ಹಾಗೆ ಹಾಡುತ್ತೇನೆ ಎಂದು ನಾನು ಪಣ ತೊಟ್ಟಿದ್ದೆ! ಕೊನೆಗೆ ಅತ್ತದ್ದು ಒಬ್ಬರೇ, ನನ್ನ ಹೆಂಡತಿ. ಅದೂ ಹಾಡು ಶುರುವಾಗುವ ಮೊದಲು, ಅದೂ ಆಸ್ಪತ್ರೆಯಲ್ಲಿ.

ಮೊದಲಿಂದ ಹೇಳುತ್ತೇನೆ. ನಮ್ಮ ಚರ್ಚಿನ ಗಾಯಕರ ತಂಡದಲ್ಲಿ ನಾನು ಬೇಸ್, ಅಂದರೆ ಎಲ್ಲರಿಗಿಂತ ಕೆಳಗಿನ ಸ್ವರದವನು. ಸುವಾರ್ತಾ ಗೀತೆಗಳಲ್ಲಿ ಉಳಿದವರೆಲ್ಲ ಸ್ವರ್ಗದ ಕಡೆಗೆ ಏರಿ ಏರಿ ಹಾಡುತ್ತಿರುವಾಗ ಒಬ್ಬ ಮಾತ್ರ ನೆಲಮಾಳಿಗೆಗೆ ಇಳಿದು ಅಲ್ಲಿಂದ ಗುಡುಗಬೇಕು. ಆ ಒಬ್ಬ ನಾನು! ಅವರೆಲ್ಲ ಕಟ್ಟಡವಾದರೆ ನಾನು ಪಾಯ! ಹೀಗೆಂದು ಮನೆಯಲ್ಲಿ ಕೊಚ್ಚಿಕೊಂಡದ್ದಕ್ಕೆ ಹೆಂಡತಿ, "ನಿಮ್ಮದು ಬೇಸ್ ಅಲ್ಲ ರೀ, ಬೇಸರ" ಅಂದಳು. ನಾನು ಕೆಲಸ ಮಾಡುವ ಗಾಜಿನ ಅಂಗಡಿಯ ಮಾಲೀಕರಂತೂ ಅಂಗಡಿಯೊಳಗೆ ಅಭ್ಯಾಸ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಗಾಜು ಒಡೆದೀತೆಂಬ ಭಯವಿರಬೇಕು ಎಂದು ನಾನು ಹಿಗ್ಗಿದ್ದೆ. ಆಮೇಲೆ ತಿಳಿಯಿತು, ಗಿರಾಕಿಗಳು ಬರುವುದು ಕಡಿಮೆಯಾಗಿತ್ತಂತೆ.

ನಮ್ಮ ಹಾಡಿನ ಮೇಷ್ಟ್ರು ಹೊಸದೊಂದು ಗೀತೆ ಕಟ್ಟಿದ್ದರು. 'ನಿನ್ನ ಕೃಪೆಯ ಆಳಕೆ ತಳವೇ ಇಲ್ಲ' ಎಂಬುದು ಅದರ ಕೊನೆಯ ಸಾಲು. ಆ 'ಇಲ್ಲ' ಬಂದಾಗ ಇಡೀ ತಂಡ ಗಪ್‌ಚುಪ್. ನಾನೊಬ್ಬನೇ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಬೇಕು. ಎಲ್ಲ ಮೆಟ್ಟಿಲೂ ನನಗೆ ದಕ್ಕಿತ್ತು, ಕೊನೆಯದೊಂದನ್ನು ಬಿಟ್ಟು. ಅಲ್ಲಿಗೆ ಬಂದಾಗಲೆಲ್ಲ ಗಂಟಲು ಕೈಕೊಡುತ್ತಿತ್ತು. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿಕೊಟ್ಟರು.

"ಬೆಳಿಗ್ಗೆ ಎದ್ದಾಗ ಗಂಟಲು ತೀರಾ ಕೆಳಗಿರುತ್ತೆ ಕಣಯ್ಯ. ಮಾತಾಡ್ತಾ ಮಾತಾಡ್ತಾ ಮೇಲೇರುತ್ತೆ. ಭಾನುವಾರ ಎದ್ದ ಮೇಲೆ ಒಂದು ಮಾತೂ ಆಡ್ಬೇಡ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಕೊ. ಸೀದಾ ಬಾ, ಉಳಿದ ಹಾಡಿಗೆಲ್ಲ ಬರೀ ತುಟಿ ಆಡಿಸು, ಕೊನೇ ಸಾಲಿಗೆ ಬಾಯಿ ಬಿಡು. ಚರ್ಚೇ ನಡುಗುತ್ತೆ!"

ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ನಗುತ್ತಾಳೆ, ನಗಿಸುತ್ತಾಳೆ, ನಕ್ಕರೆ ಗಂಟಲು ಮೇಲೇರುತ್ತದೆ. ಇದು ನನ್ನ ಘನವಾದ ಲೆಕ್ಕಾಚಾರ.

ಭಾನುವಾರ ಎದ್ದೆ. ಮೊದಲು ಮಾಡಿದ ಕೆಲಸವೆಂದರೆ ದೊಡ್ಡದೊಂದು ಕಲ್ಲುಸಕ್ಕರೆಯನ್ನು ಎಡದವಡೆಗೆ ತುರುಕಿದ್ದು. ರಾತ್ರಿಯಿಡೀ ಬಲಗೈ ಮೇಲೆ ಮಲಗಿದ್ದರಿಂದ ಆ ಕೈ ಜೋಮು ಹಿಡಿದು ನನ್ನದೋ ಪಕ್ಕದ ಮನೆಯವರದೋ ಎಂಬಂತಿತ್ತು. ಅಡುಗೆಮನೆಗೆ ಹೋಗಿ ಕುರ್ಚಿಯಲ್ಲಿ ಕೂತೆ. ಹೆಂಡತಿ ಕಾಫಿ ಕೊಟ್ಟಳು. ಅಭ್ಯಾಸಬಲದಿಂದ ಬಲಗೈ ಚಾಚಿದೆ. ಲೋಟ ಜಾರಿ ನೆಲಕ್ಕೆ ಬಿತ್ತು!

"ಏನಾಯ್ತು ರೀ?"

ನಾನು ತಲೆಯಾಡಿಸಿದೆ.

"ಏನಾಯ್ತು ಅಂದ್ರೆ ತಲೆ ಯಾಕೆ ಆಡಿಸ್ತೀರಿ? ಬಾಯಿ ಇಲ್ವಾ?"

ಇಲ್ಲೊಂದು ವಿಷಯ ಹೇಳಬೇಕು. ನನ್ನಾಕೆ ಈಜುಕೊಳವೊಂದರಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಾಳೆ. ಹಿಂದಿನ ವಾರವಷ್ಟೇ ಅಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟಿದ್ದರು. ಪಾರ್ಶ್ವವಾಯು ಹೊಡೆದವರನ್ನು ಗುರುತಿಸುವುದು ಹೇಗೆ? ಮುಖ ನೋಡಿ, ಕೈ ನೋಡಿ, ಮಾತು ನೋಡಿ. ಮೂರೇ ಪರೀಕ್ಷೆ. ಅವಳ ಮುಖದ ಬಣ್ಣ ಬದಲಾಯಿತು.

"ರೀ, ಒಂದ್ಸಲ ನಗಿ ನೋಡೋಣ."

ಹೆಂಡತಿ ಬೆಳ್ಳಂಬೆಳಿಗ್ಗೆ ನಗು ಅಂದರೆ ಯಾವ ಗಂಡ ನಗುವುದಿಲ್ಲ? ನಕ್ಕೆ. ಕಲ್ಲುಸಕ್ಕರೆಯಿದ್ದ ಕಡೆ ತುಟಿ ಏಳಲೇ ಇಲ್ಲ, ಬಾಯಿ ಸೊಟ್ಟಗಾಯಿತು.

"ಅಯ್ಯೋ! ಎರಡೂ ಕೈ ಎತ್ತಿ!"

ಎಡಗೈ ಎದ್ದಿತು. ಬಲಗೈ ಅರ್ಧ ಎದ್ದು ತೊಪ್ಪನೆ ಬಿತ್ತು.

"ನಾನ್ಯಾರು ಹೇಳಿ! ನನ್ನ ಹೆಸರು ಹೇಳಿ!"

ಇಲ್ಲಿ ನೀವು ಕೇಳಬಹುದು, ಹೇಳಿಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು ಎಂದು. ಕೊನೆಯ ಮೆಟ್ಟಿಲು ಹೋಗುತ್ತಿತ್ತು ಸ್ವಾಮಿ! ಬರೆದು ತಿಳಿಸೋಣವೆಂದು ಎಡಗೈಯಲ್ಲಿ ಪೆನ್ನು ಹಿಡಿದು ಪೇಪರಿನ ಅಂಚಿನಲ್ಲಿ 'ಪಾತಾಳ ಸ್ವರ' ಎಂದು ಬರೆಯಲು ಹೊರಟೆ. 'ಪಾತಾಳ' ಮುಗಿಯುವಷ್ಟರಲ್ಲಿ ಅವಳು ಓದಿಬಿಟ್ಟಳು.

"ಪಾತಾಳಾನಾ? ಯಾರು ರೀ ಕರೀತಿದಾರೆ ನಿಮ್ಮನ್ನ ಪಾತಾಳಕ್ಕೆ?"

ಮರುಕ್ಷಣ ಎದುರುಮನೆಯ ಬಾಗಿಲಲ್ಲಿ ದಬದಬ ಸದ್ದಾಯಿತು. ಎದುರುಮನೆಯವನು ಕಾರು ಓಡಿಸುವುದನ್ನು ಕಲಿಸುವವನು. ಅವಳನ್ನು ಅಕ್ಕ ಅನ್ನುತ್ತಾನೆ, ಹಾಗಾಗಿ ನಾನು ಭಾವ. ಇಬ್ಬರೂ ಸೇರಿ ನನ್ನನ್ನು ಅಕ್ಕಿಮೂಟೆಯಂತೆ ಎತ್ತಿ ಅವನ ಕಾರಿನ ಮುಂದಿನ ಸೀಟಿಗೆ ಹಾಕಿದರು. ಹೆಂಡತಿ ಹಿಂದೆ ಕೂತು ನನ್ನ ಎರಡೂ ಭುಜ ಹಿಡಿದುಕೊಂಡಳು. ಕನ್ನಡಿಯಲ್ಲಿ ಅವಳನ್ನು ನೋಡಿದೆ. ಬಾಚದ ತಲೆ, ಅಡುಗೆಮನೆಯ ಟವೆಲು ಇನ್ನೂ ಹೆಗಲ ಮೇಲೆ. ತುಟಿ ಕಚ್ಚಿ ಅಳು ನುಂಗುತ್ತಿದ್ದಳು.

ಸ್ವರ ಹಾಳಾಗಿ ಹೋಗಲಿ, ಹೇಳಿಯೇ ಬಿಡುತ್ತೇನೆ ಎಂದು ಬಾಯಿ ತೆರೆದೆ. ಹಿಂದಿನಿಂದ ಬಂದ ಅವಳ ಅಂಗೈ ನನ್ನ ಬಾಯಿಯನ್ನು ಗಪ್ಪನೆ ಮುಚ್ಚಿತು.

"ಬೇಡ ರೀ, ಮಾತಾಡೋಕೆ ಕಷ್ಟಪಡ್ಬೇಡಿ! ನಾನಿದ್ದೀನಲ್ಲ!"

ಕಾರನ್ನಾದರೂ ನಿಲ್ಲಿಸೋಣವೆಂದರೆ, ಕಾಲ ಕೆಳಗೆ ಪುಣ್ಯಕ್ಕೆ ಇನ್ನೊಂದು ಬ್ರೇಕ್ ಇತ್ತು. ಕಲಿಸುವವರ ಕಾರಿನಲ್ಲಿ ಎರಡು ಕಡೆಯೂ ಇರುತ್ತದೆ. ಒತ್ತಿದೆ. ಕಾರು ಗಕ್ಕನೆ ನಿಂತಿತು.

"ಭಾವ, ಕಾಲು ತೆಗೀರಿ! ಅಕ್ಕಾ, ಇವರಿಗೆ ಕಾಲೂ ಸೆಳೀತಿದೆ!"

"ಅಯ್ಯೋ ದೇವರೇ! ಬೇಗ ಹೋಗಪ್ಪಾ!"

ಅವನು ನನ್ನ ಕಾಲನ್ನು ಎತ್ತಿ ಪಕ್ಕಕ್ಕಿಟ್ಟ. ಬಾಯಿ ಅವಳ ವಶ, ಕಾಲು ಅವನ ವಶ. ಆಸ್ಪತ್ರೆ ಬರುವವರೆಗೂ ನಾನು ಸರಕಾಗಿ ಕೂತೆ.

ಅಲ್ಲಿ ಡಾಕ್ಟರಮ್ಮ ಟಾರ್ಚ್ ಹಿಡಿದು ಬಂದರು. ಅಷ್ಟರಲ್ಲಿ ಕಲ್ಲುಸಕ್ಕರೆ ಕರಗಿತ್ತು, ಜೋಮು ಇಳಿದಿತ್ತು. ಹೆಂಡತಿಯ ಅಂಗೈ ಆಗಷ್ಟೇ ನನ್ನ ಬಾಯಿಂದ ಸರಿದಿತ್ತು.

"ಬಾಯಿ ದೊಡ್ಡದಾಗಿ ತೆಗೀರಿ. ಆ... ಅನ್ನಿ."

ಅಂದೆ.

ಅದು ಬಂತು! ಆ ಕೊನೆಯ ಮೆಟ್ಟಿಲು! ಅದಕ್ಕೂ ಕೆಳಗೆ ಇನ್ನೆರಡು ಮೆಟ್ಟಿಲು! ತಟ್ಟೆಯಲ್ಲಿದ್ದ ಕತ್ತರಿಗಳು ಕಿಣಿಕಿಣಿ ಅಂದವು. ಪಕ್ಕದ ಹಾಸಿಗೆಯಲ್ಲಿ ಚೀರುತ್ತಿದ್ದ ಮಗು ಥಟ್ಟನೆ ಸುಮ್ಮನಾಯಿತು. ನರ್ಸಮ್ಮ ಬಾಗಿಲಿಗೆ ಓಡಿಬಂದು, "ಕರೆಂಟ್ ಹೋಯ್ತಾ? ಜನರೇಟರ್ ಹಾಕಿದ್ರಾ?" ಎಂದು ಕೇಳಿದರು.

ಡಾಕ್ಟರಮ್ಮ ಕೈಕಾಲು ಆಡಿಸಿ, ನಡೆಸಿ, ನಗಿಸಿ ನೋಡಿದರು. ನಾನು ಗಡಿಬಿಡಿಯಲ್ಲಿ ಮೌನವ್ರತದ ಕಥೆಯನ್ನೆಲ್ಲ ಒದರಿದೆ.

"ಇವರಿಗೆ ಏನೂ ಆಗಿಲ್ಲಮ್ಮ. ಪೂರ್ತಿ ಚೆನ್ನಾಗಿದ್ದಾರೆ. ಇನ್ನೊಂದು ಸಲ ಮಾತ್ರ 'ಆ' ಅನ್ಬೇಡಿ, ನಮ್ಮಲ್ಲಿ ಬೇರೆ ರೋಗಿಗಳಿದ್ದಾರೆ."

ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕೂತಳು. ಹೆಗಲ ಮೇಲಿನ ಟವೆಲು ಮುಖಕ್ಕೊತ್ತಿಕೊಂಡು ಅತ್ತಳು. ಬೈಗುಳಕ್ಕೆ ತಯಾರಾಗಿದ್ದ ನನಗೆ ಈ ಅಳು ತಡೆಯಲಾಗಲಿಲ್ಲ.

"ಹೆಸರು ಕೇಳಿದಾಗ ಸುಮ್ಮನೆ ಕೂತಿದ್ರಲ್ಲ," ಅಂದಳು. "ನನ್ನನ್ನೇ ಮರೆತುಬಿಟ್ರು ಅಂದ್ಕೊಂಡೆ ರೀ."

"ತಪ್ಪಾಯ್ತು ಕಣೆ. ನಿನ್ನ ಹೆಸರು ಮರೆಯೋದುಂಟಾ?"

"ಸದ್ಯ, ನೆಟ್ಟಗಿದ್ದೀರಲ್ಲ, ಅಷ್ಟೇ ಸಾಕು." ಮೂಗೊರೆಸಿಕೊಂಡಳು. "ಸಾಕು ಅಂದೆ ಅಂತ ಬಿಟ್ಟುಬಿಡ್ತೀನಿ ಅಂದ್ಕೋಬೇಡಿ!"

ಬಿಡಲಿಲ್ಲ. ಆಸ್ಪತ್ರೆಯಿಂದ ಚರ್ಚಿನವರೆಗೂ ಬೈದಳು, ನಾನು ಕ್ಷಮೆ ಕೇಳಿದೆ. ಕ್ಷಮೆಯನ್ನು ಬೇಸ್ ಸ್ವರದಲ್ಲಿ ಕೇಳಲು ಬರುವುದಿಲ್ಲ ಎಂಬುದು ಆವತ್ತು ಗೊತ್ತಾಯಿತು. ಒಂದೊಂದು 'ತಪ್ಪಾಯ್ತು'ಗೂ ಸ್ವರ ಒಂದೊಂದು ಮೆಟ್ಟಿಲು ಮೇಲಕ್ಕೆ! ಆದರೂ ಎದೆ ಹಗುರಾಗಿತ್ತು. ಅವಳ ಬೈಗುಳ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

ಚರ್ಚಿಗೆ ಕಾಲಿಟ್ಟಾಗ ನಮ್ಮ ಗೀತೆ ಶುರುವಾಗಿಬಿಟ್ಟಿತ್ತು. ಓಡಿಹೋಗಿ ನನ್ನ ಜಾಗದಲ್ಲಿ ನಿಂತೆ. ಹೆಂಡತಿಯೂ ಎದುರುಮನೆಯವನೂ ಮುಂದಿನ ಬೆಂಚಿನಲ್ಲೇ ಕೂತರು. 'ತಳವೇ ಇಲ್ಲ' ಬಂತು. ಎಲ್ಲರೂ ನಿಲ್ಲಿಸಿದರು. ಮೇಷ್ಟ್ರು ಕಣ್ಣುಮುಚ್ಚಿ ನನ್ನತ್ತ ಕೈ ಚಾಚಿದರು. ಒಂದು ಮೆಟ್ಟಿಲು ಇಳಿದೆ, ಇನ್ನೊಂದು ಇಳಿದೆ, ಆಮೇಲೆ ಗಂಟಲಲ್ಲಿ ಬರೀ ಗಾಳಿ! ಸ್ವರದ ಸುಳಿವಿಲ್ಲ. ಏನು ಮಾಡಲಿ? ಗದ್ದವನ್ನು ಎದೆಗೊತ್ತಿ, ಬಾಯಿ ಅಗಲಿಸಿ, ಭಕ್ತಿಯಿಂದ ಹಾಗೇ ನಿಂತುಬಿಟ್ಟೆ. ಮೇಷ್ಟ್ರು ಕೈ ಇಳಿಸುವವರೆಗೂ ಚರ್ಚು ಉಸಿರು ಬಿಗಿಹಿಡಿದಿತ್ತು.

ಮುಗಿದ ಮೇಲೆ ಎದುರುಮನೆಯವನು ಓಡಿಬಂದು ನನ್ನ ಕೈ ಹಿಡಿದ.

"ಭಾವ, ಎಂಥಾ ಸ್ವರ! ಎಷ್ಟು ಕೆಳಗೆ ಹೋದ್ರಿ ಅಂದ್ರೆ ಕಿವಿಗೇ ಸಿಗಲಿಲ್ಲ! ಆದ್ರೆ ನಾವು ಕೂತಿದ್ದ ಬೆಂಚು ಹೆಂಗೆ ನಡುಗ್ತು ಗೊತ್ತಾ!"

ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ.

"ಅದು ಸ್ವರ ಅಲ್ಲಪ್ಪ," ಅಂದಳು ಅವಳು. "ನಾನು ನಗು ತಡ್ಕೊಂಡು ಕೂತಿದ್ದೆ."